ಒಡಹುಟ್ಟಿದವರೂ ಪರಚಿತ್ತಜ್ಞಾನವೂ

ತಾನು ಬಲ್ಲುದನ್ನು ಇತರರು ಅರಿಯದಿರಬಹುದೆಂದು ಮಗು ಬಾಯಿಬಿಟ್ಟು ಹೇಳಬಲ್ಲದ್ದು ನಾಲ್ಕನೆಯ ವರ್ಷದ ಸುಮಾರಿಗೆ. ಇದನ್ನು ಒರೆಹಚ್ಚಲು ಆಸ್ಟ್ರಿಯದ ವಿಮ್ಮರ್ ಮತ್ತು ಪರ್ನರ್ ೧೯೮೩ರಲ್ಲಿ ಒಂದು ಕಥೆ ಹೂಡಿದರು. ಮ್ಯಾಕ್ಸಿ ಎಂಬ ಹುಡುಗ ಚಾಕೊಲೇಟನ್ನು ಒಂದು ಬೀರುವಿನಲ್ಲಿಟ್ಟು ಹೊರಗೆ ಹೋಗುತ್ತಾನೆ. ತಾಯಿ ಅದನ್ನು ಇನ್ನೊಂದು ಬೀರುವಿನಲ್ಲಿಡುತ್ತಾಳೆ. ಮರಳಿ ಬಂದ ಹುಡುಗ ಎಲ್ಲಿ ಹುಡುಕುವನು? ಮೂರರ ಮಗು ಸಾಮಾನ್ಯವಾಗಿ ಎರಡನೆಯ ಬೀರುವನ್ನೇ ತೋರಿಸುತ್ತದೆ.

ಪರ್ನರರೇ ೧೯೯೪ರಲ್ಲಿ ರಫ್‌ಮನ್, ಲೀಕಮ್ ಅವರೊಡಗೂಡಿ, ಒಡಹುಟ್ಟಿದವರು ಹೆಚ್ಚಿರುವ ಮಕ್ಕಳು ಈ ಪರೀಕ್ಷೆಯಲ್ಲಿ ಮುಂದಿರುವುದನ್ನು ಕಂಡರು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಅಣ್ಣನ ಬುಗುರಿಯನ್ನು ಬಚ್ಚಿಡಬೇಕಾದರೆ ಅವನಿಗೆ ಗೊತ್ತಿರುವುದೇನು, ಇಲ್ಲದಿರುವುದೇನು ಎಂದು ಎಣಿಸಲೇಬೇಕು. ಅಕ್ಕನೊಡನೆ ಅಡುಗೆಯಾಟ ಹೂಡಿದಾಗ ಮರಳೇ ಅನ್ನವೆಂದು ಇಬ್ಬರೂ ಒಪ್ಪಬೇಕು. ಜಗಳವೂ, ನನ್ನೆಣಿಕೆಯಲ್ಲಿ, ಒಳ್ಳೆಯ ಉಪಾಧ್ಯಾಯನೇ.

ಆದರೆ ೧೯೯೮ರಲ್ಲಿ ರಫ್‌ಮನ್ ಮತ್ತು ಸಂಗಡಿಗರು ಈ ಫಲವನ್ನು ಕಂಡದ್ದು ಅಣ್ಣ ಅಕ್ಕಂದಿರುಳ್ಳವರಲ್ಲಿ ಮಾತ್ರ. ತಮ್ಮ ತಂಗಿಯರಿಂದ ಅದು ಒದಗಲಿಲ್ಲ. ಮರುವರ್ಷ ಕಟಿಂಗ್ ಮತ್ತು ಡನ್ ಅವರಿಗೆ ಸಂಬಂಧವೇ ಗೋಚರಿಸಲಿಲ್ಲ. ಪರನಗರದ ಎರಡು ಕೋಣೆಗಳಲ್ಲಿ ಒಂಟಿಮಗುವನ್ನು ಬೆಳೆಸುತ್ತಿರುವ ನಮ್ಮವರು ಎದೆಗುಂದಬೇಕಾಗಿಲ್ಲ: ಕ್ರೀಟ್, ಸೈಪ್ರಸ್ ದ್ವೀಪಗಳ ಮಕ್ಕಳನ್ನು ಕುರಿತು ೧೯೯೬ರಲ್ಲಿ ಬರೆದ ಲೂಯಿಸ್ ಮತ್ತು ಸಂಗಡಿಗರು, ನಿತ್ಯ ಒಡನಾಡುವ ದೊಡ್ಡವರೂ ವಯಸ್ಸಿನಲ್ಲಿ ಹಿರಿಯರಾದ ಮಕ್ಕಳೂ ಹೆಚ್ಚಿರುವಲ್ಲಿ ಇದೇ ಮುನ್ನಡೆಯನ್ನು ಕಂಡಿದ್ದಾರೆ.