‘ಕಾಡುಬೆಕ್ಕು’ ತೋಟಾಗಳು

ಬಂದೂಕೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುವು ಅದರ ನೀಳವಾದ ನಳಿಗೆ ಮತ್ತು ಅದರಿಂದ ಹಾರುವ ಗುಂಡು. ಗುಂಡು ಹಾರಿದ ಮೇಲೆ ಹಿಂದೆ ಉಳಿದು ನೆಲಕ್ಕೆ ಬೀಳುವ ಖಾಲಿ ಹಿತ್ತಾಳೆಯ ಕೋಶವನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಆದರೆ ರೈಫಲಿನ ಬಲವೂ ಅದನ್ನು ಹಿಡಿದವನ ಕ್ಷೇಮವೂ ಬಹುಮಟ್ಟಿಗೆ ಈ ಕೋಶವನ್ನೇ ಅವಲಂಬಿಸಿವೆ. ಅಮೆರಿಕದ ಕೆಲವು ಕುಶಲಕರ್ಮಿಗಳು ಇದರ ಆಕಾರವನ್ನು ತಿದ್ದಿ ಗುಂಡಿನ ವೇಗವನ್ನು ಹೆಚ್ಚಿಸಲು ಯತ್ನಿಸಿದರು. ಅವರಿಗೆ ದೊರೆತ ಲಾಭವೆಷ್ಟು, ಅದು ಅಷ್ಟಕ್ಕೇ ಏಕೆ ನಿಂತಿತು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ತೋಟಾ ಮತ್ತು ಅದರ ಗೂಡು

ರೈಫಲಿನ ತೋಟಾದಲ್ಲಿ ನಾಲ್ಕು ಭಾಗಗಳಿವೆ: ಗುಂಡು, ಮದ್ದು, ಮದ್ದಿಗೆ ಕಿಡಿ ಹೊತ್ತಿಸುವ ಕೇಪು, ಈ ಮೂರನ್ನೂ ಹಿಡಿದಿಟ್ಟಿರುವ ಹಿತ್ತಾಳೆಯ ಕೋಶ. ಈ ಹಿತ್ತಾಳೆಯಲ್ಲಿ ನೂರಕ್ಕೆ 70 ಭಾಗ ತಾಮ್ರ, 30 ಭಾಗ ಸತು. ಕೋಶದ ಆಕಾರ ಸೀಸೆಯಂತೆ: ಕೆಳಗೆ ದಪ್ಪನೆಯ ಒಡಲು, ಮೇಲೆ ಇಳಿಜಾರಾದ ಹೆಗಲು, ತುದಿಯಲ್ಲಿ ಗುಂಡನ್ನು ಕಚ್ಚಿಕೊಂಡ ಕತ್ತು. ನಳಿಗೆಯ ಹಿಂಭಾಗದಲ್ಲಿ ಇದೇ ಆಕಾರಕ್ಕೆ ಕೊರೆದ ಗೂಡಿರುತ್ತದೆ. ತೋಟಾವನ್ನು ಗೂಡಿನೊಳಕ್ಕೆ ತಳ್ಳಿ, ಬಾಗಿಲಿಗೆ ಅಗುಳಿ ಹಾಕುವಂತೆ ಹಿಂದಿನಿಂದ ಬೋಲ್ಟನ್ನು ತಿರುಗಿಸಿ ಭದ್ರಪಡಿಸುತ್ತಾರೆ. 1898ರ ಮೌಸರ್ ರೈಫಲಿನಲ್ಲಿ ಬೋಲ್ಟಿನ ಮುಂತುದಿಯ ಎರಡು ಉಕ್ಕಿನ ಉಬ್ಬುಗಳು ಈ ಅಗುಳಿಯ ಕೆಲಸ ಮಾಡುತ್ತವೆ.

ಮದ್ದು ಉರಿದಾಗ ಗೂಡಿನೊಳಗಿನ ಒತ್ತಡ ವಾತಾವರಣದ ಒತ್ತಡಕ್ಕಿಂತ ಸುಮಾರು 4,000 ಪಟ್ಟು ಏರಬಹುದು. ಆ ಕ್ಷಣದಲ್ಲಿ ತೆಳುವಾದ ಹಿತ್ತಾಳೆಯು ಉಬ್ಬಿ ಗೂಡಿನ ಗೋಡೆಗೆ ಬಿಗಿಯಾಗಿ ಅಂಟಿಕೊಂಡು, ಬಿಸಿ ಅನಿಲವು ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ತನ್ನ ಸ್ಥಿತಿಸ್ಥಾಪಕತ್ವದಿಂದ ಕೊಂಚ ಕುಗ್ಗಿ ಗೋಡೆಯನ್ನು ಬಿಡುತ್ತದೆ. ಆದುದರಿಂದಲೇ ಖಾಲಿ ಕೋಶವನ್ನು ಸುಲಭವಾಗಿ ಹೊರಗೆಳೆಯಲು ಸಾಧ್ಯ.

ಕಾಡುಬೆಕ್ಕಿನ ಹುಟ್ಟು

ಯಾವ ಕಾರ್ಖಾನೆಯೂ ತಯಾರಿಸದ, ಕುಶಲಕರ್ಮಿಗಳು ತಮ್ಮ ಕಮ್ಮಟದಲ್ಲಿ ರೂಪಿಸಿಕೊಂಡ ತೋಟಾಗಳಿಗೆ ಅಮೆರಿಕದಲ್ಲಿ ‘ವೈಲ್ಡ್‌ಕ್ಯಾಟ್’, ಅಂದರೆ ಕಾಡುಬೆಕ್ಕು, ಎಂದು ಹೆಸರು. ಇವುಗಳಲ್ಲಿ ಒಂದು ವರ್ಗವನ್ನು ‘ಇಂಪ್ರೂವ್ಡ್’, ಎಂದರೆ ಸುಧಾರಿತ, ಎಂದು ಕರೆಯುತ್ತಾರೆ. ಇಂತಹ ತೋಟಾಗಳಿಂದ ಹೆಚ್ಚು ಹೆಸರು ಪಡೆದವರು ಪಾರ್ಕರ್ ಆಟೊ ಆಕ್ಲಿ (1903–1989). ಕೊಲರಾಡೊ ಸಂಸ್ಥಾನದ ಟ್ರಿನಿಡಾಡ್‌ನ ಕಾಲೇಜಿನಲ್ಲಿ ಬಂದೂಕಿನ ಕಸಬನ್ನು ಕಲಿಸಿದ ಇವರು, ಆನಂತರ ಯೂಟಾದ ಸಾಲ್ಟ್ ಲೇಕ್ ನಗರದಲ್ಲಿ ನೆಲೆಸಿದರು.

ಆಕ್ಲಿಯವರ ಕ್ರಮವು ಸರಳವಾದುದು. ‘.30-06’ ಎಂಬ ಪ್ರಸಿದ್ಧ ತೋಟಾವನ್ನೇ ತೆಗೆದುಕೊಳ್ಳೋಣ. ಇಲ್ಲಿ .30 ಎಂಬುದು ಅಂಗುಲದಲ್ಲಿ ಅದರ ಅಳತೆ. 06 ಎಂಬುದು ಅದು ಹುಟ್ಟಿದ 1906ನೆಯ ಇಸವಿ. ಅದರ ಒಡಲು ಬುಡದಲ್ಲಿ ಸುಮಾರು 11.9 ಮಿಲಿಮೀಟರ್ ದಪ್ಪವಿದ್ದು, ಹೆಗಲಿನ ಬಳಿ 11.2ಕ್ಕೆ ಇಳಿಯುತ್ತದೆ, ಹೆಗಲಿನ ಓರೆ 17.5 ಡಿಗ್ರಿ. ಆಕ್ಲಿಯವರ ರೂಪದಲ್ಲಿ ಹೆಗಲಿನ ಬಳಿಯ ದಪ್ಪ ಸುಮಾರು 11.5 ಮಿಲಿಮೀಟರ್, ಓರೆ 40 ಡಿಗ್ರಿ. ಒಡಲು ನೆಟ್ಟಗಾಗಿ ಹೆಗಲು ಅಗಲವಾದುದರಿಂದ ಒಳಗೆ ಹೆಚ್ಚು ಮದ್ದು ಹಿಡಿಸುತ್ತದೆ.

ಗೂಡೇ ಅಚ್ಚು

ಇದಕ್ಕೆ ತಕ್ಕಂತೆ ರೈಫಲಿನ ಗೂಡನ್ನು ಹೊಸ ಆಕಾರದ ರೀಮರಿನಿಂದ ಕೊರೆದು ಹಿಗ್ಗಿಸಬೇಕು. ಹೊಸ ಕೋಶಗಳು ಅಂಗಡಿಯಲ್ಲಿ ದೊರೆಯದಿದ್ದರೂ ಚಿಂತೆಯಿಲ್ಲ. ಕಾರ್ಖಾನೆಯ ಹಳೆಯ ತೋಟಾವನ್ನೇ ಆ ಗೂಡಿನಲ್ಲಿಟ್ಟು ಹಾರಿಸಿದರೆ, ಒತ್ತಡಕ್ಕೆ ಕೋಶವು ಉಬ್ಬಿ ಹೊಸ ಆಕಾರವನ್ನು ತಳೆದು ಹೊರಬರುತ್ತದೆ. ಎರಕದ ಅಚ್ಚಿನ ಕೆಲಸವನ್ನು ಇಲ್ಲಿ ಗೂಡೇ ಮಾಡುತ್ತದೆ. ಹಿತ್ತಾಳೆಯು ಸ್ಥಿತಿಸ್ಥಾಪಕತ್ವದ ಮಿತಿಯನ್ನು ದಾಟಿ ಹಿಗ್ಗಿರುವುದರಿಂದ ಮತ್ತೆ ಹಳೆಯ ಆಕಾರಕ್ಕೆ ಮರಳುವುದಿಲ್ಲ.

ಆದರೆ ಇಲ್ಲಿಯೇ ಅಪಾಯವೂ ಅಡಗಿದೆ. ಗೂಡಿನಲ್ಲಿ ತೋಟಾದ ಪಕ್ಕಕ್ಕೆ ಕೊಂಚ ಎಡೆಯಿದ್ದರೆ ಬಾಧಕವಿಲ್ಲ; ಉದ್ದಕ್ಕೆ ಎಡೆಯಿರಕೂಡದು. ಉದ್ದಕ್ಕೆ ಎಡೆಯಿದ್ದರೆ ಕೋಶದ ಮುಂಭಾಗವು ಗೋಡೆಗೆ ಅಂಟಿಕೊಂಡಿರುವಾಗಲೇ ಅದರ ಬುಡವು ಹಿಂದಕ್ಕೆ ಸರಿದು, ನಡುವಣ ಹಿತ್ತಾಳೆಯು ಎಳೆಯಲ್ಪಟ್ಟು ಹರಿಯುತ್ತದೆ. ಆಗ ಬಿಸಿ ಅನಿಲವು ನುಗ್ಗುವುದು ಗುರಿಕಾರನ ಮುಖದ ಕಡೆಗೆ. ಹಳೆಯ ಗೂಡಿನೊಳಕ್ಕೆ ರೀಮರನ್ನು ಸುಮ್ಮನೆ ಆಳವಾಗಿ ಇಳಿಸಿದರೆ ಆಗುವುದು ಇದೇ. ಆದುದರಿಂದ ಬಲ್ಲ ಕುಶಲಕರ್ಮಿಯು ನಳಿಗೆಯನ್ನು ಕಳಚಿ, ಅದನ್ನು ಕೊಂಚ ಹಿಂದಕ್ಕೆ ಕೂರಿಸಿ, ಕತ್ತು ಮತ್ತು ಹೆಗಲು ಕೂಡುವ ಜಾಗದಲ್ಲಿ ಹಳೆಯ ತೋಟಾವನ್ನು ಗೂಡು ಬಿಗಿಯಾಗಿ ಒತ್ತಿ ಹಿಡಿಯುವಂತೆ ಮಾಡುತ್ತಾನೆ. ಈ ಬಿಗಿತದ ಅಳತೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ!

ಹೀಗೆ ಬಲವಂತದಿಂದ ರೂಪ ಬದಲಾದ ಹಿತ್ತಾಳೆಯು ಗಡುಸಾಗುತ್ತದೆ. ಅದರೊಳಗೆ ಬಿಗುಪು ಉಳಿಯುತ್ತದೆ. ಇದರ ಫಲವನ್ನು ಹಿಂದೆ ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯವು ಕಂಡಿತ್ತು. ಮಳೆಗಾಲದಲ್ಲಿ ಕುದುರೆಲಾಯಗಳಲ್ಲಿ ಇಟ್ಟಿದ್ದ ತೋಟಾಗಳ ಕೋಶಗಳು ತಾವಾಗಿಯೇ ಸೀಳುತ್ತಿದ್ದುವು. ಲಾಯದ ಗಾಳಿಯಲ್ಲಿದ್ದ ಅಮೋನಿಯವು ತೇವದೊಡನೆ ಸೇರಿ, ಬಿಗುಪಿನಿಂದ ಕೂಡಿದ ಹಿತ್ತಾಳೆಯನ್ನು ಸೀಳುತ್ತಿತ್ತೆಂಬುದು 1921ರಲ್ಲಿ ವಿವರಣೆಗೆ ಬಂದಿತು. ಹದವಾಗಿ ಕಾಯಿಸಿದರೆ ಬಿಗುಪು ಕಳೆದು ಹಿತ್ತಾಳೆಯು ಮತ್ತೆ ಮೆದುವಾಗುತ್ತದೆ.

ಲಾಭವೆಷ್ಟು?

ಸುಧಾರಿತ .30-06 ಕೋಶದಲ್ಲಿ ಹಳೆಯದಕ್ಕಿಂತ ನೂರಕ್ಕೆ ಸುಮಾರು 5ರಷ್ಟು ಹೆಚ್ಚು ಸ್ಥಳವಿದೆ. ಹಾಗಾದರೆ ವೇಗವೂ ನೂರಕ್ಕೆ 5ರಷ್ಟು ಹೆಚ್ಚಬೇಕಲ್ಲವೆ? ಇಲ್ಲ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂಬುದು ವಾಚಕರಿಗೆ ತಿಳಿದೇ ಇದೆ. ಶಕ್ತಿಯು ನೂರಕ್ಕೆ 5ರಷ್ಟು ಹೆಚ್ಚಿದರೆ ವೇಗವು ಎರಡೂವರೆಯಷ್ಟು ಮಾತ್ರ ಹೆಚ್ಚೀತು. ಅದೂ ಪೂರ್ಣವಾಗಿ ಗುಂಡಿಗೆ ಸಲ್ಲುವುದಿಲ್ಲ. ನಳಿಗೆಯ ಉದ್ದ ಮೊದಲಿನಷ್ಟೇ ಇರುವುದರಿಂದ, ಹೆಚ್ಚಾದ ಅನಿಲಕ್ಕೆ ಹಿಗ್ಗಿ ಕೆಲಸ ಮಾಡಲು ಬೇಕಾದ ಅವಕಾಶ ಸಾಲದು. ಜತೆಗೆ, ಮದ್ದಿನಿಂದ ಹುಟ್ಟಿದ ಅನಿಲವನ್ನೂ ಗುಂಡಿನೊಡನೆ ಮುಂದಕ್ಕೆ ತಳ್ಳಬೇಕು. ಒತ್ತಡವನ್ನು ಹೆಚ್ಚಿಸದಿದ್ದರೆ, ಕೋಶದ ಗಾತ್ರ ನೂರಕ್ಕೆ 4 ಹೆಚ್ಚಿದಾಗ ವೇಗ ನೂರಕ್ಕೆ 1 ಹೆಚ್ಚುವುದೆಂಬುದು ಅನುಭವದಿಂದ ದೊರೆತ ಸ್ಥೂಲವಾದ ನಿಯಮ. ಸೆಕೆಂಡಿಗೆ 820 ಮೀಟರ್ ವೇಗದ ಗುಂಡಿಗೆ ಇದರಿಂದ ದೊರೆಯುವುದು ಸುಮಾರು 10 ಮೀಟರ್. ಒಡಲು ಹೆಚ್ಚು ಇಳಿಜಾರಾಗಿದ್ದ ಹಳೆಯ ತೋಟಾಗಳಲ್ಲಿ ಲಾಭ ಇದಕ್ಕಿಂತ ಹೆಚ್ಚು. ಆದರೆ ಈ ನಿಯಮವನ್ನು ಬಹುವಾಗಿ ಮೀರಿದ ವೇಗವನ್ನು ಯಾರಾದರೂ ಹೇಳಿದರೆ, ಅದು ಆಕಾರದ ಫಲವಲ್ಲ, ಹೆಚ್ಚಿಸಿದ ಒತ್ತಡದ ಫಲವೆಂದು ಶಂಕಿಸಬೇಕು.

ಬೋಲ್ಟಿನ ಮೇಲಣ ಹೊರೆ

ನೆಟ್ಟನೆಯ ಒಡಲಿಗೆ ಮತ್ತೊಂದು ಗುಣವಿದೆ. ಕೋಶದೊಳಗಿನ ಬುಡದ ವಿಸ್ತೀರ್ಣ ಸುಮಾರು ಒಂದು ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಬೋಲ್ಟನ್ನು ಹಿಂದಕ್ಕೆ ತಳ್ಳುವ ಬಲ ಒಂದು ಕ್ಷಣ ನಾಲ್ಕು ಟನ್ನುಗಳಷ್ಟಾಗುತ್ತದೆ. ಕೋಶವು ಗೋಡೆಯನ್ನು ಕಚ್ಚಿ ಹಿಡಿದಷ್ಟೂ ಈ ಹೊರೆ ಕಡಮೆ. ಬೆಣೆಯಂತೆ ಇಳಿಜಾರಾದ ಕೋಶವು ಸುಲಭವಾಗಿ ಹಿಂದಕ್ಕೆ ಜಾರುತ್ತದೆ; ನೆಟ್ಟನೆಯದು ಹಾಗೆ ಜಾರದು. ಇದನ್ನು ತೋರಿಸಲು ಆಕ್ಲಿಯವರು ಸುಧಾರಿತ .30-30 ತೋಟಾಕ್ಕೆ ಗೂಡು ಕೊರೆದ ವಿಂಚೆಸ್ಟರ್ 94 ರೈಫಲಿನ ಬೀಗದ ಭಾಗವನ್ನೇ ತೆಗೆದುಹಾಕಿ ಪರೀಕ್ಷೆ ನಡೆಸಿದರು. ಕೋಶವು ಗೋಡೆಯನ್ನು ಹಿಡಿದು ನಿಂತಿತು. ಆದರೆ ಈ ಹಿಡಿತವನ್ನೇ ನಂಬುವಂತಿಲ್ಲ. ಗೂಡಿನಲ್ಲಿ ಎಣ್ಣೆಯ ಪಸೆಯಿದ್ದರೆ ಘರ್ಷಣೆಯು ತಗ್ಗುತ್ತದೆ. ಒತ್ತಡವು ಇನ್ನೂ ಏರಿದರೆ ಹಿತ್ತಾಳೆಯೇ ಸೋಲುತ್ತದೆ. ಕೊನೆಯಲ್ಲಿ ಹೊರೆ ಹೊರಬೇಕಾದುದು ಉಕ್ಕಿನ ಬೋಲ್ಟೇ.

ಕಾಡುಬೆಕ್ಕುಗಳಲ್ಲಿ ಕೆಲವು ಕಾಲಕ್ರಮದಲ್ಲಿ ಮನೆಬೆಕ್ಕುಗಳೂ ಆದುವು. .22-250 ತೋಟಾವನ್ನು ರೆಮಿಂಗ್ಟನ್ ಕಂಪನಿಯು 1965ರಲ್ಲಿ ಮಾರುಕಟ್ಟೆಗೆ ತಂದಿತು. ಆಕ್ಲಿಯವರ ಹೆಸರನ್ನು ಹೊತ್ತ .280 ತೋಟಾಕ್ಕೆ 2007ರಲ್ಲಿ ಅಮೆರಿಕದ ತಯಾರಕರ ಸಂಸ್ಥೆಯು ಅಧಿಕೃತ ಅಳತೆಗಳನ್ನು ಗೊತ್ತುಮಾಡಿತು. ನಮ್ಮ ದೇಶದಲ್ಲಿ ಬಂದೂಕನ್ನು ಹೀಗೆ ಮಾರ್ಪಡಿಸುವ ಕಸಬಿಗೆ 1959ರ ಶಸ್ತ್ರಾಸ್ತ್ರ ಅಧಿನಿಯಮದಂತೆ ಪರವಾನಗಿ ಬೇಕು. ಮಿಲಿಮೀಟರಿನ ಹತ್ತನೆಯ ಒಂದು ಭಾಗ ತಪ್ಪಿದರೂ ಏನಾಗಬಲ್ಲುದೆಂಬುದನ್ನು ಅರಿತವರಿಗೆ ಈ ಕಟ್ಟುಪಾಡು ಅತಿಯೆಂದು ತೋರಲಾರದು.