ಸೊಂಟದ ಮೇಲೆ ಒಂದು ಬೆರಳಗಲದ ರೇಷ್ಮೆ

ಜಪಾನಿನ ಇಗಾ ಊರಿಗೆ ಬಂದವರೆಲ್ಲ ನಿಂಜಾಗಳ ಮನೆ ಹುಡುಕಿಕೊಂಡು ಹೋಗುತ್ತಾರೆ. ಹೋಗಲಿ ಬಿಡಿ. ನಾವು ಈ ಮರದ ಬಾಗಿಲು ಸರಿಸಿ ಒಳಗೆ ಹೋಗೋಣ. ಮೊದಲು ಕಿವಿಗೆ ಬೀಳುವುದು ಮರಕ್ಕೆ ಮರ ತಾಗುವ ಸದ್ದು. ಟಕ್, ಟಕ್, ಕ್ಷಣದ ಬಿಡುವು, ಮತ್ತೆ ಟಕ್. ಚಾಪೆಯ ಹುಲ್ಲುವಾಸನೆಯ ಜೊತೆ ಬಣ್ಣದಲ್ಲಿ ಅದ್ದಿ ಒಣಗಿಸಿದ ರೇಷ್ಮೆಯ ತೆಳುವಾದ ಕಮಟು. ಕಿಟಕಿಯ ಬೆಳಕಿಗೆ ಮೈಯೊಡ್ಡಿ ನಡುವಯಸ್ಸಿನ ಹೆಂಗಸೊಬ್ಬರು ದುಂಡನೆಯ ಮರದ ಪೀಠದ ಮುಂದೆ ಮಂಡಿ ಮಡಚಿ ಕೂತಿದ್ದಾರೆ. ಪೀಠದ ನಡುವೆ ಒಂದು ತೂತು, ಅಂಚಿನ ಸುತ್ತ ಇಳಿಬಿದ್ದ ಎಳೆಗಳು, ಒಂದೊಂದು ಎಳೆಯ ತುದಿಗೂ ಒಳಗೆ ಸೀಸ ತುಂಬಿದ ಮರದ ಉರುಳೆ. ಎಡಗೈ ಒಂದನ್ನು ಆಚೆ ದಾಟಿಸಿದರೆ ಬಲಗೈ ಇನ್ನೊಂದನ್ನು ಈಚೆ ತರುತ್ತದೆ. ನಮ್ಮಲ್ಲಿ ಅಜ್ಜಿ ಮೊಮ್ಮಗಳಿಗೆ ಜಡೆ ಹೆಣೆಯುವ ಹಾಗೆಯೇ. ಇಲ್ಲಿ ಎಳೆ ಮಾತ್ರ ಮೂರಲ್ಲ, ಎಂಟು, ಹದಿನಾರು, ಇನ್ನೂ ಹೆಚ್ಚು.

ಒಳಕೋಣೆಯಲ್ಲಿ ಒಬ್ಬರು ನಡುವೆ ಕೂರುವಷ್ಟು ದೊಡ್ಡ ಚೌಕಟ್ಟು. ಅಲ್ಲಿ ಎಳೆ ದಾಟಿಸಿದಾಗಲೆಲ್ಲ ಬಿದಿರಿನ ಕತ್ತಿಯಿಂದ ಹೆಣಿಗೆಯನ್ನು ಬಡಿದು ಬಿಗಿ ಮಾಡುತ್ತಾರೆ. ಹೀಗೆ ಬೆಳೆದ, ಸುಮಾರು ಒಂದೂವರೆ ಮೀಟರ್ ಉದ್ದದ ದಾರವೇ ಒಬಿಜಿಮೆ. ಕಿಮೊನೊದ ಅಗಲವಾದ ಸೊಂಟಪಟ್ಟಿ ಒಬಿಯ ಮೇಲೆ, ಸರಿಯಾಗಿ ನಡುವೆ, ಇದನ್ನು ಸುತ್ತಿ ಎದುರಿಗೆ ಗಂಟು ಹಾಕುತ್ತಾರೆ. ನೋಡಲು ಅಲಂಕಾರ; ಆದರೆ ಇದು ಸಡಿಲಾದರೆ ಬೆನ್ನ ಹಿಂದಿನ ಒಬಿಯ ಕಟ್ಟೇ ಕಳಚಿಬೀಳುತ್ತದೆ. ಬಿಗಿಯುವಾಗ ರೇಷ್ಮೆಗೆ ರೇಷ್ಮೆ ಉಜ್ಜಿ ಕಿರುಗುಟ್ಟಬೇಕು. ಹಾಗೆ ಕಿರುಗುಟ್ಟಿದರೆ ದಾರ ಜಾರುವುದಿಲ್ಲ.

ಈ ಬಿಗಿಯನ್ನು ಕಲಿಸಿದ್ದು ಯುದ್ಧ. ಸಮುರಾಯ್‌ಗಳ ಕವಚದ ಪಟ್ಟಿಗಳನ್ನು ಪೋಣಿಸಿದ್ದು, ಕತ್ತಿಯ ಒರೆಯನ್ನು ಸೊಂಟಕ್ಕೆ ಕಟ್ಟಿದ್ದು ಇಂಥದೇ ದಾರ. 1876ರಲ್ಲಿ ಸರ್ಕಾರ ಕತ್ತಿ ಹಿಡಿದು ತಿರುಗುವುದನ್ನೇ ನಿಷೇಧಿಸಿತು. ಕೆಲಸ ಕಳೆದುಕೊಂಡ ಕೈಗಳು ಹೆಂಗಸರ ಒಬಿಯತ್ತ ಹೊರಳಿದವು. ಕತ್ತಿಯ ಲೋಹದ ಕುಸುರಿ ಮಾಡುತ್ತಿದ್ದವರೂ ಒಬಿಜಿಮೆಗೆ ಪೋಣಿಸುವ ಪುಟ್ಟ ಆಭರಣ ಒಬಿದೊಮೆಗೆ ಕೈಹಾಕಿದರು. ಇಗಾದ ಈ ದಾರದ ಹೆಣಿಗೆಗೆ, ಅಂದರೆ ಕುಮಿಹಿಮೊಗೆ, ಸಾಂಪ್ರದಾಯಿಕ ಕರಕುಶಲದ ಸರ್ಕಾರಿ ಮನ್ನಣೆ ಸಿಕ್ಕಿದ್ದು 1976ರಲ್ಲಿ, ಕತ್ತಿ ಹೋಗಿ ನೂರು ವರ್ಷವಾದ ಮೇಲೆ.

ಕಿಮೊನೊದ ಆಕಾರ ಬಹುಮಟ್ಟಿಗೆ ಬದಲಾಗುವುದಿಲ್ಲ. ಹೊಸ ಕಾಲದ ವಿನ್ಯಾಸಕಾರರಿಗೆ ಸಿಗುವ ಬಯಲು ಈ ಬೆರಳಗಲದ ದಾರವೇ. ಒಂದು ತುದಿ ನೀಲಿ, ಇನ್ನೊಂದು ನಿಂಬೆಹಳದಿ. ಮಗುಚಿದರೆ ಬೇರೆಯದೇ ಬಣ್ಣ. ಟೋಕಿಯೊದ ಉಯೆನೊದಲ್ಲಿ 1652ರಿಂದ ದಾರ ಹೆಣೆಯುತ್ತ ಬಂದ ಡೋಮ್ಯೊ ಎಂಬ ಅಂಗಡಿ ಈಗ ಅದೇ ಹೆಣಿಗೆಯಲ್ಲಿ ನೆಕ್‌ಟೈ ಮಾಡುತ್ತದೆ. 2016ರ ‘ಯುವರ್ ನೇಮ್’ ಅನಿಮೇಷನ್ ಚಿತ್ರದ ಕಥೆಯಲ್ಲಿ ಇಂಥ ದಾರವೇ ಇಬ್ಬರನ್ನು ಬೆಸೆಯುತ್ತದೆ. ಚಿತ್ರ ನೋಡಿದ ಹುಡುಗ ಹುಡುಗಿಯರು ಅಂಥ ದಾರವನ್ನು ಮಣಿಕಟ್ಟಿಗೆ ಕಟ್ಟಿಕೊಂಡರು.

ಒಬಿದೊಮೆಯ ಕಥೆ ಇನ್ನೂ ಚುರುಕು. ಇಗಾ ಇರುವ ಮಿಎ ಪ್ರಾಂತ್ಯದಲ್ಲೇ ತೋಬಾ ಇದೆ, ಮಿಕಿಮೊಟೊ ಮುತ್ತಿನ ತವರು. ಆ ಸಂಸ್ಥೆ 1937ರ ಪ್ಯಾರಿಸ್ ಪ್ರದರ್ಶನಕ್ಕೆ ಕಳಿಸಿದ ‘ಯಗುರುಮ’ ಎಂಬ ಒಬಿದೊಮೆಯನ್ನು ಬಿಚ್ಚಿ ಜೋಡಿಸಿದರೆ ಹನ್ನೆರಡು ಬಗೆಯ ಆಭರಣವಾಗುತ್ತಿತ್ತು. ಇಂದಿನ ಅಂಗಡಿಗಳ ತಟ್ಟೆಗಳಲ್ಲಿ ಗಾಜು, ಪಿಂಗಾಣಿ, ಹಳೆಯ ಗುಂಡಿ, ರಾಳದಲ್ಲಿ ಅದ್ದಿಟ್ಟ ಹೂವು ಎಲ್ಲವೂ ಇವೆ. ಬೆಕ್ಕಿನ ಮರಿ, ಸುಶಿಯ ತುಂಡುಗಳಿಗೂ ಗಿರಾಕಿ ಇದ್ದಾರೆ. ಅವು ಒಂದು ಸಂಜೆಯ ನಗುವಿಗೆ ಸಾಕು, ಅಷ್ಟೇ. ನನಗೆ ಹಿಡಿಸುವುದು ದಾರದ ಬಣ್ಣವನ್ನು ಅರಿತು ಸುಮ್ಮನೆ ಕೂರುವ ಗಾಜಿನ ಹನಿ.

ಒಬಿದೊಮೆ ಕೊಳ್ಳುವ ಮನಸ್ಸಾದರೆ ಅದರ ಮುಖಕ್ಕಿಂತ ಮೊದಲು ಬೆನ್ನು ನೋಡಿ. ಇದಕ್ಕೆಂದೇ ಹೆಣೆದ ಚಪ್ಪಟೆ ದಾರ ಸುಮಾರು 9 ಮಿಲಿಮೀಟರ್ ಅಗಲ. ಹಿಂದಿನ ಕಿಂಡಿ ಅದಕ್ಕಿಂತ ಕಿರಿದಾದರೆ ಪೋಣಿಸಲಾಗದು. ಚಹಾಕೂಟಕ್ಕೆ ಕರೆ ಬಂದರಂತೂ ಒಬಿದೊಮೆಯನ್ನು ಮನೆಯಲ್ಲೇ ಬಿಟ್ಟು ಹೋಗಿ. ಬೆಲೆಬಾಳುವ ಬಟ್ಟಲಿಗೆ ತಾಗಿ ಗೀರು ಬಿದ್ದೀತೆಂದು ಅಲ್ಲಿ ಅದನ್ನು ತೊಡುವ ರೂಢಿಯಿಲ್ಲ.