ಸೆಕೆಂಡ್ ಹ್ಯಾಂಡ್ ಪ್ರಾಡೊ: ಕಿಲೋಮೀಟರಿಗೆ 65 ಸೆಂಟ್, ಅಥವಾ ಅದರ ಎರಡರಷ್ಟು

ಸಿಡ್ನಿಗೆ ಬಂದು ಏಳೆಂಟು ವರ್ಷವಾಗಿ, ಮನೆ ಸಾಲ ಒಂದು ಹದಕ್ಕೆ ಬಂದು, ಎರಡನೇ ಮಗು ಸ್ಕೂಲಿಗೆ ಸೇರಿತು ಅನ್ನುವ ಹೊತ್ತಿಗೆ ನಮ್ಮವರಲ್ಲಿ ಸುಮಾರು ಜನಕ್ಕೆ ಒಂದು ಆಸೆ ಶುರುವಾಗುತ್ತದೆ. ದೊಡ್ಡದೊಂದು ಡೀಸೆಲ್ ಫೋರ್ ವ್ಹೀಲ್ ಡ್ರೈವ್ ಬೇಕು. ಊರಿನಲ್ಲಿ ಫಾರ್ಚೂನರ್ ಬಂದರೆ ಯಾರೋ ಎಂಎಲ್‌ಎ ಬಂದರು ಅಂತ ದಾರಿ ಬಿಡುವುದನ್ನು ನೋಡಿದವರು ನಾವು. ಇಲ್ಲಿ ಪಕ್ಕದ ಮನೆಯ ಡ್ರೈವ್‌ವೇನಲ್ಲಿ ಪ್ರಾಡೊ ನಿಂತಿದ್ದರೆ ಅದು ಬರೀ ಕಾರಾಗಿ ಕಾಣುವುದಿಲ್ಲ. ನನಗೂ ಆಸೆ ಇತ್ತು, ಆರು ವರ್ಷದ ಹಿಂದೆ ತೀರಿಸಿಕೊಂಡೆ. ಅದಕ್ಕೇ ಇರಬೇಕು, ವರ್ಷಕ್ಕೆ ಐದಾರು ಜನರಾದರೂ ನನ್ನನ್ನು ಕೇಳುತ್ತಾರೆ: "ಸೆಕೆಂಡ್ ಹ್ಯಾಂಡ್ ಪ್ರಾಡೊ ತಗೊಳ್ಳಬಹುದಾ?"

ಹೊಸದರ ಬೆಲೆ ನೋಡಿದರೆ ಈ ಪ್ರಶ್ನೆ ಏಕೆ ಬರುತ್ತದೆ ಎಂದು ಗೊತ್ತಾಗುತ್ತದೆ. 2024ರ ಕೊನೆಗೆ ಇಲ್ಲಿ ಬಿಡುಗಡೆಯಾದ 250 ಸರಣಿಯ ಪ್ರಾಡೊ ಜಿಎಕ್ಸ್‌ಎಲ್ ಆಗ 79,990 ಡಾಲರ್ ಇತ್ತು, ಆನ್-ರೋಡ್ ಖರ್ಚು ಬೇರೆ. ಹಾಗಾಗಿ ಎಲ್ಲರ ಕಣ್ಣು ಹಿಂದಿನ 150 ಸರಣಿಯ ಮೇಲೆ, ಅದರಲ್ಲೂ 2015ರ ಮಧ್ಯಭಾಗದ ನಂತರದ 2.8 ಲೀಟರ್ ಡೀಸೆಲ್ ಮೇಲೆ. ಊರಿನ ಫಾರ್ಚೂನರ್‌ನಲ್ಲಿ ಇರುವುದೂ ಇದೇ ಎಂಜಿನ್ ಕುಟುಂಬ.

ನನ್ನ ಲೆಕ್ಕದ ಪುಸ್ತಕವನ್ನೇ ಮುಂದಿಡುತ್ತೇನೆ. 2019ರಲ್ಲಿ ಮೂರು ವರ್ಷ ಹಳೆಯ, 58,000 ಕಿಲೋಮೀಟರ್ ಓಡಿದ ಗಾಡಿಗೆ 44,000 ಡಾಲರ್ ಕೊಟ್ಟೆ. ಎನ್‌ಎಸ್‌ಡಬ್ಲ್ಯುನಲ್ಲಿ 45,000ದವರೆಗೆ ಸ್ಟ್ಯಾಂಪ್ ಡ್ಯೂಟಿ ಶೇ 3, ಅದರ ಮೇಲಿನ ಮೊತ್ತಕ್ಕೆ ಶೇ 5. ನನಗೆ 1,320 ಬಿತ್ತು. ಆರು ವರ್ಷದಲ್ಲಿ 1,02,000 ಕಿಲೋಮೀಟರ್ ಓಡಿಸಿದ್ದೇನೆ. ಡೀಸೆಲ್‌ಗೆ ಸುಮಾರು 17,500, ಸರ್ವಿಸ್, ಟೈರು, ಬ್ರೇಕು, ಬ್ಯಾಟರಿ ಸೇರಿ 9,600, ರೆಜೊ, ಗ್ರೀನ್ ಸ್ಲಿಪ್, ಇನ್ಶೂರೆನ್ಸ್‌ಗೆ 16,200. ನಮ್ಮ ರಾಜ್ಯದಲ್ಲಿ ವಾಹನ ತೆರಿಗೆ ಗಾಡಿಯ ತೂಕದ ಮೇಲೆ ನಿಂತಿದೆ, ಇದರ ತೂಕವೋ ಎರಡು ಟನ್ ದಾಟುತ್ತದೆ. ಈಗ ಮಾರಿದರೆ 33,000 ಬರುತ್ತದೆ. ಅಂದರೆ ಬೆಲೆ ಕುಸಿತ ಬರೀ 11,000.

ಈ 11,000ದ ಅಂಕಿಯನ್ನು ಹಿಡಿದುಕೊಂಡೇ ಜನ "ಪ್ರಾಡೊ ಇನ್ವೆಸ್ಟ್‌ಮೆಂಟ್ ಇದ್ದ ಹಾಗೆ ಕಣ್ರೀ" ಅನ್ನುತ್ತಾರೆ. ಅವರು ಬಿಡುವ ಸಾಲು ಯಾವುದೆಂದರೆ ಬಡ್ಡಿ. ಅಷ್ಟು ದುಡ್ಡು ನನ್ನ ಮನೆ ಸಾಲದ ಆಫ್‌ಸೆಟ್ ಖಾತೆಯಲ್ಲಿ ಇದ್ದಿದ್ದರೆ ಏನಾಗುತ್ತಿತ್ತು? ಗಾಡಿಯಲ್ಲಿ ಸಿಕ್ಕಿಕೊಂಡ ಸರಾಸರಿ ಮೊತ್ತ 38,500 ಎಂದಿಟ್ಟುಕೊಂಡು, ಆ ವರ್ಷಗಳ ದರಕ್ಕೆ ಸರಾಸರಿ ಶೇ 4.5 ಹಿಡಿದರೆ, ಆರು ವರ್ಷಕ್ಕೆ 10,400 ಡಾಲರ್. ಅದೂ ತೆರಿಗೆ ಇಲ್ಲದ ಉಳಿತಾಯ. ಕಣ್ಣಿಗೆ ಕಾಣದ ಈ ಖರ್ಚು ಬೆಲೆ ಕುಸಿತದಷ್ಟೇ ದೊಡ್ಡದು. ಎಲ್ಲ ಸೇರಿಸಿದರೆ 66,000, ಕಿಲೋಮೀಟರಿಗೆ ಸುಮಾರು 65 ಸೆಂಟ್.

ನನಗೆ ಇದು ಒಪ್ಪಿಗೆಯಾಯಿತು. ವಾರಕ್ಕೊಮ್ಮೆ ಕೆಲಸದ ಮೇಲೆ ನ್ಯೂಕಾಸಲ್‌ಗೆ ಹೋಗಿ ಬರಬೇಕು, ರಜೆಯಲ್ಲಿ ಹಿಮ ನೋಡಲು ಜಿಂಡಬೈನ್ ಕಡೆ ಹೋಗುತ್ತೇವೆ. ಚಳಿಗಾಲದಲ್ಲಿ ಕೊಸಿಯಸ್ಕೊ ಪಾರ್ಕಿನ ಹಿಮದ ರಸ್ತೆಗಳಿಗೆ ಟು ವ್ಹೀಲ್ ಡ್ರೈವ್ ಒಯ್ಯುವವರು ಚೈನ್ ಇಟ್ಟುಕೊಳ್ಳಲೇಬೇಕು. ಅದನ್ನು ಆ ಚಳಿಯಲ್ಲಿ ಟೈರಿಗೆ ಸುತ್ತಿದವರಿಗೇ ಗೊತ್ತು ಅದರ ಕಷ್ಟ.

ಈಗ ನನ್ನ ಗೆಳೆಯನ ವಿಷಯ. ಬಜೆಟ್ 50,000, ಅದೂ ಆಫ್‌ಸೆಟ್‌ನಿಂದ ತೆಗೆಯುವುದು. ಮನೆ ಷೋಫೀಲ್ಡ್ಸ್‌ನಲ್ಲಿ, ಕೆಲಸಕ್ಕೆ ರೈಲು, ವಾರದಲ್ಲಿ ಮೂರು ದಿನ ಮನೆಯಿಂದಲೇ. ಗಾಡಿಗೆ ಇರುವ ಕೆಲಸ ಮಕ್ಕಳನ್ನು ಸ್ಕೂಲಿಗೆ ಬಿಡುವುದು, ವೂಲ್‌ವರ್ತ್ಸ್, ಈಜು ಕ್ಲಾಸು, ವಾರಕ್ಕೊಮ್ಮೆ ಕನ್ನಡ ಶಾಲೆ. ವರ್ಷಕ್ಕೆ 8,000 ಕಿಲೋಮೀಟರ್. ಶೇ 6ರ ಸಾಲದಲ್ಲಿ ಅವನು ಕಳೆದುಕೊಳ್ಳುವ ಬಡ್ಡಿಯೇ ವರ್ಷಕ್ಕೆ 3,000, ಅಂದರೆ ಕಿಲೋಮೀಟರಿಗೆ 37 ಸೆಂಟ್ ಬರೀ ಬಡ್ಡಿ! ಉಳಿದದ್ದನ್ನೆಲ್ಲ ಸೇರಿಸಿದರೆ ಅವನ ಕಿಲೋಮೀಟರ್ 1 ಡಾಲರ್ 40 ಸೆಂಟ್ ದಾಟುತ್ತದೆ. ನಾನು ಓಡಿಸುವ ಗಾಡಿಯೇ, ಖರ್ಚು ನನ್ನ ಎರಡರಷ್ಟು.

ಇದಕ್ಕಿಂತ ನನ್ನನ್ನು ಹೆಚ್ಚು ಹೆದರಿಸುವುದು ಡಿಪಿಎಫ್. ಡೀಸೆಲ್ ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್ ಅದು. ತುಂಬುತ್ತಾ ಬಂದಂತೆ ಎಂಜಿನ್ ತಾನೇ ಶಾಖ ಏರಿಸಿ ಆ ಮಸಿಯನ್ನು ಸುಟ್ಟು ಹಾಕಬೇಕು. ಅದಕ್ಕೆ ಗಾಡಿ ಚೆನ್ನಾಗಿ ಬಿಸಿಯಾಗಿ, ನಿಲ್ಲದೆ ಒಂದಿಷ್ಟು ಹೊತ್ತು ಓಡಬೇಕು. ಮೂರು ಕಿಲೋಮೀಟರ್ ಹೋಗಿ ಆಫ್, ಮತ್ತೆ ಮೂರು ಕಿಲೋಮೀಟರ್ ಬಂದು ಆಫ್ ಮಾಡಿದರೆ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಹೀಗೇ ನಡೆದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಬದಲಿಸಬೇಕಾಗಿ ಬಂದರೆ ಸಾವಿರಗಳ ಲೆಕ್ಕ. ಇದು ಯಾವ ಕಂಪನಿಯ ಡೀಸೆಲ್ ಆದರೂ ಇದ್ದದ್ದೇ.

ಪ್ರಾಡೊ ಕೊಳ್ಳುವವರು ಇನ್ನೊಂದು ಕಥೆಯನ್ನೂ ತಿಳಿದಿರಬೇಕು. 2015ರ ಅಕ್ಟೋಬರ್‌ನಿಂದ 2020ರ ಏಪ್ರಿಲ್‌ವರೆಗೆ ಇಲ್ಲಿ ಮಾರಾಟವಾದ ಸುಮಾರು 2.6 ಲಕ್ಷ ಡೀಸೆಲ್ ಹೈಲಕ್ಸ್, ಫಾರ್ಚೂನರ್, ಪ್ರಾಡೊಗಳ ಡಿಪಿಎಫ್ ವ್ಯವಸ್ಥೆಯ ಬಗ್ಗೆ ಟೊಯೋಟಾ ಮೇಲೆ ಕ್ಲಾಸ್ ಆಕ್ಷನ್ ನಡೆಯಿತು. ವಿಚಿತ್ರವೆಂದರೆ ಅಲ್ಲಿ ತೊಂದರೆ ಬರುತ್ತಿದ್ದದ್ದು ಸುಮಾರು 100ರ ವೇಗದಲ್ಲಿ ಆಗಾಗ ನಿರಂತರ ಓಡಿಸಿದಾಗ. ಬಿಳಿ ಹೊಗೆ, ಕೆಟ್ಟ ವಾಸನೆ. 2022ರಲ್ಲಿ ಫೆಡರಲ್ ಕೋರ್ಟ್ ದೋಷ ಇದ್ದದ್ದು ನಿಜ ಎಂದು ಹೇಳಿ, ಗಾಡಿಗಳ ಮೌಲ್ಯ ಶೇ 17.5 ಕಡಿಮೆ ಎಂದು ತೀರ್ಮಾನಿಸಿತು. 2023ರಲ್ಲಿ ಮೇಲಿನ ಪೀಠ ಅದನ್ನು ಶೇ 10ಕ್ಕೆ ಇಳಿಸಿತು. 2024ರ ನವೆಂಬರ್‌ನಲ್ಲಿ ಹೈಕೋರ್ಟ್ (ಇಲ್ಲಿ ಅದೇ ಸರ್ವೋಚ್ಚ) ಪರಿಹಾರದ ಲೆಕ್ಕವನ್ನು ಮತ್ತೆ ನೋಡಿ ಎಂದು ಕೆಳಗೆ ಕಳಿಸಿತು. 2020ರಲ್ಲಿ ಕಂಪನಿ ಪರಿಹಾರವೊಂದನ್ನು ತಂದಿತು. ನನ್ನ ಗಾಡಿಗೆ ಆ ಕೆಲಸ ಆಗಿದೆ, ಇದುವರೆಗೆ ತೊಂದರೆ ಬಂದಿಲ್ಲ. ನೀವು ಆ ಕಾಲದ ಗಾಡಿ ನೋಡುತ್ತಿದ್ದರೆ ಮಾರುವವರ ಮಾತನ್ನು ನಂಬಿ ಸುಮ್ಮನಾಗಬೇಡಿ, ಕೆಲಸ ಆದ ದಾಖಲೆ ಕೇಳಿ ನೋಡಿ.

ದಾಖಲೆ ಅಂದ ಮೇಲೆ ಲಾಗ್‌ಬುಕ್. ಆರು ತಿಂಗಳು ಅಥವಾ 10,000 ಕಿಲೋಮೀಟರಿಗೊಂದು ಮುದ್ರೆ ಇರಬೇಕು. ಡೀಸೆಲ್‌ಗೆ ಎಣ್ಣೆ ಬದಲಿಸುವುದನ್ನು ತಪ್ಪಿಸಿದ ಗಾಡಿ ಎಷ್ಟೇ ಹೊಳೆಯುತ್ತಿದ್ದರೂ ಬೇಡ. ಪಿಪಿಎಸ್‌ಆರ್ ತಪಾಸಣೆಗೆ ಎರಡು ಡಾಲರ್, ಗಾಡಿಯ ಮೇಲೆ ಯಾರದಾದರೂ ಸಾಲ ಇದೆಯೇ ಎಂದು ಗೊತ್ತಾಗುತ್ತದೆ. 50,000 ವರ್ಗಾಯಿಸುವ ಮುನ್ನ ಈ ಎರಡು ಡಾಲರ್ ಉಳಿಸುವವರೂ ನಮ್ಮಲ್ಲಿ ಇದ್ದಾರೆ! ಬಗ್ಗಿ ಅಡಿಭಾಗ ನೋಡಿ, ಮೂಲೆಗಳಲ್ಲಿ ಮರಳು, ಚಾಸಿಯಲ್ಲಿ ತುಕ್ಕು ಕಂಡರೆ ಅದು ಬೀಚಿನಲ್ಲಿ ಓಡಿದ ಗಾಡಿ, ಉಪ್ಪು ನೀರಿನ ಹಾನಿ ನಿಧಾನವಾಗಿ ಹೊರಬರುತ್ತದೆ. 2015ಕ್ಕಿಂತ ಹಳೆಯ 3.0 ಲೀಟರ್ ಅಗ್ಗಕ್ಕೆ ಸಿಕ್ಕರೆ 1,50,000ಕ್ಕೆ ಟೈಮಿಂಗ್ ಬೆಲ್ಟ್ ಬದಲಿಸಿದ್ದಾರೆಯೇ ಕೇಳಿ, 2.8ಕ್ಕೆ ಚೈನ್ ಇದೆ. ಹತ್ತು ವರ್ಷ ಮತ್ತು 1,60,000 ಕಿಲೋಮೀಟರ್ ಒಳಗಿನ ಗಾಡಿಯನ್ನು ಎನ್‌ಎಸ್‌ಡಬ್ಲ್ಯು ಡೀಲರ್ ಹತ್ತಿರ ಕೊಂಡರೆ ಸಾಮಾನ್ಯವಾಗಿ ಕಾನೂನಿನ ಪ್ರಕಾರ ಮೂರು ತಿಂಗಳು ಅಥವಾ 5,000 ಕಿಲೋಮೀಟರ್ ವಾರಂಟಿ ಸಿಗುತ್ತದೆ. ಖಾಸಗಿಯವರ ಹತ್ತಿರ ಅದಿಲ್ಲ, ಹಾಗಾಗಿ ಬೆಲೆಯಲ್ಲಿ ಆ ವ್ಯತ್ಯಾಸ ಇರಲೇಬೇಕು. ಡಿಪಿಎಫ್ ಕಿತ್ತು ಹಾಕಿದ್ದೇವೆ, ಚಿಂತೆಯೇ ಇಲ್ಲ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ, ಅದು ಕಾನೂನುಬಾಹಿರ.

ಗೆಳೆಯನಿಗೆ ಇದನ್ನೆಲ್ಲ ಹೇಳಿ, ಕ್ಲೂಗರ್ ಹೈಬ್ರಿಡ್ ನೋಡು ಎಂದೆ. ಏಳು ಸೀಟು, ಪೆಟ್ರೋಲ್, ಡಿಪಿಎಫ್ ತಲೆನೋವಿಲ್ಲ, ಅವನ ಓಡಾಟಕ್ಕೆ ಒಂದಿಷ್ಟು ಇಂಧನವೂ ಉಳಿಯುತ್ತದೆ. ಇಲ್ಲವೇ ಈಗಿರುವ ಕ್ಯಾಮ್ರಿಯನ್ನೇ ಇಟ್ಟುಕೋ. ದಿನಕ್ಕೆ 200 ಡಾಲರ್ ಬಾಡಿಗೆ ಎಂದುಕೊಂಡರೂ, ಆಫ್‌ಸೆಟ್‌ನಲ್ಲಿ ಉಳಿಯುವ 3,000ದಲ್ಲಿ ವರ್ಷಕ್ಕೆ 15 ದಿನ ದೊಡ್ಡ ಗಾಡಿ ತರಬಹುದು. ಮಣ್ಣು ರಸ್ತೆಗೆ, ಬೀಚಿಗೆ ಬಿಡುತ್ತಾರೋ ಇಲ್ಲವೋ ಎಂದು ಬಾಡಿಗೆ ಕರಾರು ಓದಿಕೊಂಡರಾಯಿತು.

ಅವನ ಹೆಂಡತಿ ಕೇಳಿದ್ದು ಬೇರೆ ಪ್ರಶ್ನೆ. "ನವೆಂಬರ್‌ನಲ್ಲಿ ಅತ್ತೆ ಮಾವ ಬರ್ತಾರೆ, ಆರು ತಿಂಗಳು ಇರ್ತಾರೆ. ಅತ್ತೆಗೆ ಮಂಡಿ ನೋವು. ಅಷ್ಟು ಎತ್ತರದ ಗಾಡಿಗೆ ಹತ್ತೋಕಾಗುತ್ತಾ?" ನನ್ನ ಪಟ್ಟಿಯಲ್ಲಿ ಇಲ್ಲದ ಪ್ರಶ್ನೆ ಅದು. ನನ್ನ ಗಾಡಿಯನ್ನು ಅವರ ಮನೆ ಮುಂದೆ ನಿಲ್ಲಿಸಿ ಮೂರನೇ ಸಾಲಿನ ಸೀಟು ಎತ್ತಿ ತೋರಿಸಿದೆ. ಏಳು ಜನ ಕೂತರೆ ಹಿಂದೆ ಎರಡು ಚೆಕ್-ಇನ್ ಸೂಟ್‌ಕೇಸ್ ನಿಲ್ಲಿಸಲೂ ಜಾಗವಿಲ್ಲ. ಅವನು ಟೇಪ್ ತಂದು ನೆಲದಿಂದ ಸೈಡ್ ಸ್ಟೆಪ್ ಎತ್ತರ ಅಳೆದು, ಫೋಟೋ ತೆಗೆದು, ಮೈಸೂರಿಗೆ ವಾಟ್ಸಾಪ್ ಮಾಡಿದ.

ಅಮ್ಮನಿಂದ ಇನ್ನೂ ಉತ್ತರ ಬಂದಿಲ್ಲ. 50,000 ಸದ್ಯಕ್ಕೆ ಆಫ್‌ಸೆಟ್‌ನಲ್ಲೇ ಇದೆ, ದಿನಕ್ಕೆ ಎಂಟು ಡಾಲರ್ ಉಳಿಸುತ್ತಾ.